ಚೀಲದ ಲೆಕ್ಕ, ವ್ರತದ ಲೆಕ್ಕ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನು ತನ್ನ ಮಿತಿಯನ್ನು ಯಾವ ಅಳತೆಯಿಂದ ನಿಶ್ಚಯಿಸಬೇಕು? ಈ ಪ್ರಶ್ನೆ ನಮ್ಮ ಮನೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಉಳಿದುಬಂದಿದೆ.

ನನ್ನ ಅಜ್ಜನವರು ದಾವಣಗೆರೆಯಲ್ಲಿ ಧಾನ್ಯದ ವ್ಯಾಪಾರಿಗಳು. ನೂರು ಚೀಲ ಮೀರಿ ದಾಸ್ತಾನು ಇಡುವುದಿಲ್ಲವೆಂದು ವ್ರತ ತೊಟ್ಟಿದ್ದರು. 1942ರ ಮಾರ್ಚಿಯಲ್ಲಿ ಜಪಾನೀಯರು ರಂಗೂನನ್ನು ಹಿಡಿದರು. ಬರ್ಮಾದ ಅಕ್ಕಿ ನಿಂತಿತು. ಅಕ್ಕಿ ನಿಂತ ಮೇಲೆ ಜೋಳ, ರಾಗಿಗಳ ಬೆಲೆ ಏರದೆ ಇದ್ದೀತೆ? ಪಡಿತರ ಚೀಟಿ, ಅಂಗಡಿಯ ಮುಂದಿನ ಸಾಲು, ಸೀಮೆಎಣ್ಣೆಯ ಅಭಾವ ಒಂದರ ಹಿಂದೆ ಒಂದು ಬಂದವು. ಹರಿಹರದಲ್ಲಿ ತುಂಗಭದ್ರೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ. ರಾತ್ರಿ ಹೊಳೆ ದಾಟಿದ ಚೀಲಕ್ಕೆ ಬೆಳಗಾಗುವುದರೊಳಗೆ ಬೇರೆ ಬೆಲೆ ಎಂದು ಅಜ್ಜನವರು ಹೇಳುತ್ತಿದ್ದರು.

ಅವರು ಹೊಳೆ ದಾಟಿಸಲಿಲ್ಲ, ತೂಕದಲ್ಲಿ ಮೋಸ ಮಾಡಲಿಲ್ಲ, ನೂರು ಚೀಲವನ್ನು ಮೀರಲಿಲ್ಲ. ಆದರೆ ದರ ನಿಯಂತ್ರಣದ ಆಜ್ಞೆ ಬರುವ ಮೊದಲು ಕೆಲವು ತಿಂಗಳು ಮಾರದೆ ಸುಮ್ಮನಿದ್ದರು. ಬೆಲೆ ಇಮ್ಮಡಿಯಾದಾಗ ಮಾರಿದರು. ಲಾಭದಲ್ಲಿ ಒಂದು ಪಾಲನ್ನು ಬಸದಿಗೆ ಕೊಟ್ಟರು. “ವ್ರತ ಮುರಿಯಲಿಲ್ಲಪ್ಪ, ಆದರೂ ನಿದ್ದೆ ಬರಲಿಲ್ಲ” ಎಂದು ಮುಪ್ಪಿನಲ್ಲಿ ನನಗೆ ಹೇಳಿದ್ದುಂಟು.

ಆಗ ಬಿ.ಕಾಂ. ಓದುತ್ತಿದ್ದ ನಾನು ಸಮಾಧಾನ ಹೇಳಲು ಹೋದೆ. ವರ್ಷಾಂತ್ಯದ ದಾಸ್ತಾನಿಗೆ ಕೊಂಡ ಬೆಲೆ, ಪೇಟೆಯ ಬೆಲೆ ಇವೆರಡರಲ್ಲಿ ಕಡಿಮೆಯಾದುದನ್ನು ಬರೆಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಅದರಂತೆ ಅವರ ಸ್ವತ್ತು ಬೆಳೆದೇ ಇರಲಿಲ್ಲ! ಅಜ್ಜನವರು ನಕ್ಕು ಸುಮ್ಮನಾದರು.

ನಾವಿಬ್ಬರೂ ಉತ್ತರವನ್ನು ಬೇರೊಂದು ವ್ರತದಲ್ಲಿ ಹುಡುಕಬೇಕಿತ್ತೆಂದು ಈಗ ತೋರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ಅಗ್ಗವಾಗಿ ದೊರೆತುದನ್ನು ದುಬಾರಿಯಾಗಿಸುವ ಯತ್ನವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದರಡಿಯಲ್ಲಿಯೇ ಇರಿಸಿದ್ದಾರೆ. ಹಾಗಾದರೆ ಮಾರದೆ ಇರಿಸಿದ ಚೀಲವು ಪರಿಗ್ರಹದ ಲೆಕ್ಕಕ್ಕಲ್ಲ, ಚೌರ್ಯದ ಲೆಕ್ಕಕ್ಕೆ ಸೇರಬೇಕು.

ಸುಗ್ಗಿಯಲ್ಲೇ ಎಲ್ಲವನ್ನೂ ಮಾರಿದರೆ ಮಳೆಗಾಲಕ್ಕೆ ಉಳಿಯುವುದೇನೆಂದು ವ್ಯಾಪಾರಿ ಮಿತ್ರರು ಕೇಳುತ್ತಾರೆ. ಒಪ್ಪತಕ್ಕ ಮಾತೇ. ಕೂಡಿಡುವುದೂ ಲೋಕಕ್ಕೆ ಉಪಕಾರ. ಆದರೆ ಕೊರತೆಯ ತಿಂಗಳಿಗಾಗಿ ಇಟ್ಟದ್ದೊ, ಏರುವ ಬೆಲೆಗಾಗಿ ಇಟ್ಟದ್ದೊ ಎಂಬುದು ಗೋದಾಮನ್ನು ನೋಡಿದರೆ ತಿಳಿಯದು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಸತ್ತರು. ಧಾನ್ಯದ ಅಭಾವಕ್ಕಿಂತ ಬಡವರ ಕೊಳ್ಳುವ ಶಕ್ತಿ ಕುಸಿದದ್ದೇ ಅದಕ್ಕೆ ಮುಖ್ಯ ಕಾರಣವೆಂದು ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರತಿಪಾದಿಸಿದರು.

ಅಜ್ಜನವರ ದಾನವನ್ನು ಸ್ವೀಕರಿಸಿದ ಧರ್ಮದರ್ಶಿಗಳು ಏನನ್ನೂ ಕೇಳಲಿಲ್ಲವಂತೆ. ಇಂದು ನಾನೂ ಒಂದು ಬಸದಿಯ ಲೆಕ್ಕಪತ್ರ ನೋಡುತ್ತೇನೆ. ನಮ್ಮ ರಸೀದಿಯಲ್ಲಿ ದಾನಿಯ ಹೆಸರಿಗೂ ಮೊತ್ತಕ್ಕೂ ಜಾಗವಿದೆ. ಹಣ ಬಂದ ದಾರಿಯನ್ನು ನಾನೂ ಈವರೆಗೆ ಯಾರನ್ನೂ ಕೇಳಿಲ್ಲ.