ಮುಯ್ಯಿ, ಬಿಟ್ಟಿ ಮತ್ತು ಸೂರ್ಯನ ಹೊಲ

ಖಾನಾಪುರ ತಾಲೂಕಿನ ಒಂದು ಊರಿನಲ್ಲಿ ಸೋಲಾರ್ ಹಿಟ್ಟಿನ ಗಿರಣಿ ಮತ್ತು ಬೀದಿದೀಪ ಹಾಕಿಸುವ ಸಭೆಗೆ ನಾವು ಹೋಗಿದ್ದೆವು. ಬೆಳಗಾವಿಯಿಂದ ಬಂದ ಸಾಹೇಬರು ಚೆನ್ನಾಗಿಯೇ ಮಾತಾಡಿದರು. ಇದು ಸರಕಾರದ್ದಲ್ಲ, ಕಂಪನಿಯದ್ದಲ್ಲ, ಸಮುದಾಯದ್ದು ಎಂದರು. ಮನೆಗೊಂದು ಆಳು, ಎರಡು ದಿನದ ಶ್ರಮದಾನ ಎಂದು ಠರಾವಾಯಿತು. ಕುಣಿ ತೋಡುವ ಕೆಲಸ ಕೇರಿಯವರ ಪಾಲಿಗೆ ಬಂತು. ಬ್ಯಾಟರಿ ಇಡುವ ಖೋಲಿ ಮಾತ್ರ ಗುಡಿಯ ಆವರಣದೊಳಗೆ. ಅಲ್ಲಿ ಕಳ್ಳಕಾಕರ ಭಯವಿಲ್ಲವಂತೆ. ಆಗ ಹಿಂದೆ ನಿಂತಿದ್ದ ಕಾಲೇಜು ಹುಡುಗನೊಬ್ಬ ಕೇಳಿದ: 'ಸರ, ಸಮುದಾಯ ಅಂದ್ರ ಅದ್ರಾಗ ನಮ್ಮ ಕೇರಿ ಬಂತೇನ್ರಿ? ಬಂದಿದ್ರ ನಾವು ಆ ಖೋಲಿ ಒಳಗ ಹೋಗಬಹುದೇನ್ರಿ?'

ಸಾಹೇಬರು ನಕ್ಕು ಚಹಾ ತರಿಸಿದರು. ಚಹಾ ಕುಡಿದು ನಾವೂ ಬಸ್ಸು ಹತ್ತಿದೆವು. ಪ್ರಶ್ನೆ ಮಾತ್ರ ನಮ್ಮ ಬೆನ್ನು ಬಿಡಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಕೂಡಿ ದುಡಿಯುವುದಕ್ಕೆ ಎರಡು ಹೆಸರಿವೆ. ಒಂದು ಮುಯ್ಯಿ. ಇವತ್ತು ನಿನ್ನ ಹೊಲದಾಗ ನಾನು, ನಾಳೆ ನನ್ನ ಹೊಲದಾಗ ನೀನು. ಇನ್ನೊಂದು ಬಿಟ್ಟಿ. ಇವತ್ತೂ ನಿನ್ನ ಹೊಲದಾಗ ನಾನು, ನಾಳೆಯೂ ನಿನ್ನ ಹೊಲದಾಗ ನಾನು. ದೂರದಿಂದ ನೋಡುವವನಿಗೆ ಎರಡೂ ಒಂದೇ ಥರ ಕಾಣುತ್ತವೆ. ಹತ್ತು ಜನ ಸಾಲಾಗಿ ಬಾಗಿದ್ದಾರೆ, ಹಾಡುತ್ತಿದ್ದಾರೆ. ಫೋಟೋ ತೆಗೆದು ವರದಿಗೆ ಅಂಟಿಸಿದರೆ ಎರಡೂ 'ಜನರ ಸಹಭಾಗಿತ್ವ'ವೇ. ಆದರೆ ಮುಯ್ಯಿಗೆ ಒಂದು ಷರತ್ತಿದೆ. ತಿರುಗಿ ಪಡೆಯಲು ನಿನಗೂ ಒಂದು ಹೊಲ ಇರಬೇಕು. ಹೊಲವೇ ಇಲ್ಲದವನು ಮುಯ್ಯಿಗೆ ಕೈ ಕೊಟ್ಟರೆ ಅದು ಆ ಗಳಿಗೆಗೇ ಬಿಟ್ಟಿಯಾಗುತ್ತದೆ. ಮುಯ್ಯಿಯ ಹಾಡು ಸಂಗ್ರಹಿಸುವ ವಿದ್ವಾಂಸರು ಈ ಷರತ್ತಿನ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಬೆಳಗಾವಿ, ಖಾನಾಪುರದ ಸೀಮೆಯಲ್ಲಿ ಬೋರ್ಡಿನ ಮೇಲಿನ ಅಕ್ಷರಕ್ಕಾಗಿ ಜಗಳಗಳಾಗಿವೆ. ಬಿಟ್ಟಿಗೆ ಮಾತ್ರ ಭಾಷೆಯ ಜಗಳವಿಲ್ಲ. ಕನ್ನಡದವರು ಬಿಟ್ಟಿ ಎಂದರು, ಮರಾಠಿಯವರು ವೇಠಬಿಗಾರ ಎಂದರು. ಬಾಗಿದ್ದು ಕೇರಿಯವರ ಬೆನ್ನೇ. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ 1874ರ ವತನು ಕಾಯ್ದೆ ಈ ಚಾಕರಿಗೆ ಕಾನೂನಿನ ಮುದ್ರೆ ಒತ್ತಿತ್ತು. ಒಂದು ತುಂಡು ಭೂಮಿ, ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಅದಕ್ಕೆ ಬದಲಾಗಿ ಹಗಲು ರಾತ್ರಿ ಯಾವಾಗ ಕರೆದರೂ ಓಡಬೇಕು, ಸಾವಿನ ಸುದ್ದಿ ಒಯ್ಯಬೇಕು, ಸರಕಾರಿ ಹೊರೆ ಹೊರಬೇಕು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಆ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದರು. ಕರ್ನಾಟಕದಲ್ಲಿ ಇಂಥ ಊರ ಹುದ್ದೆಗಳು ರದ್ದಾಗಲು 1961ರ ಕಾಯ್ದೆ ಬರಬೇಕಾಯಿತು. ಹೀಗಿರುವಾಗ 'ಶ್ರಮದಾನ' ಎಂಬ ಮಾತು ಕಿವಿಗೆ ಬಿದ್ದರೆ ಕೇರಿಯ ಅಜ್ಜಂದಿರು ಯಾಕೆ ಬೆಚ್ಚುತ್ತಾರೆ ಎಂದು ಯಾರೂ ಕೇಳಬೇಕಾಗಿಲ್ಲ.

ಈಗ ಸ್ವಲ್ಪ ದೂರ, ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಗೆ ಹೋಗೋಣ. ಇಂಕಾಗಳ ರಾಜ್ಯವನ್ನು ನಮ್ಮ ಪ್ರಗತಿಪರ ಗೆಳೆಯರು ಆಗಾಗ ಹೊಗಳುವುದುಂಟು. ನಾಣ್ಯವಿಲ್ಲ, ಸಾಹುಕಾರನಿಲ್ಲ, ಕಣಜ ತುಂಬ ಕಾಳು; ಇದಲ್ಲವೇ ಸಮುದಾಯದ ಆಡಳಿತ ಎನ್ನುತ್ತಾರೆ. ಕುಸ್ಕೊ ಪಟ್ಟಣದಿಂದ ಆಳಿದ ಆ ರಾಜ್ಯದ ಹೆಸರು ತವಾಂತಿನ್‌ಸುಯು, ಅಂದರೆ ಒಂದಾದ ನಾಲ್ಕು ಭಾಗಗಳು. ಅದರ ಬುಡದಲ್ಲಿದ್ದದ್ದು ಐಲ್ಯು ಎಂಬ ಬಂಧುಬಳಗದ ಗುಂಪು. ಐಲ್ಯುವಿನ ಒಳಗೆ ನಮ್ಮ ಮುಯ್ಯಿಯಂಥದೇ ಒಂದು ಪದ್ಧತಿ ಇತ್ತು, ಐನಿ ಎಂದು ಅದರ ಹೆಸರು. ಇಂಕಾ ಅರಸರು ಬಂದಾಗ ಭೂಮಿ ಮೂರು ಪಾಲಾಯಿತು. ಒಂದು ಐಲ್ಯುವಿಗೆ, ಒಂದು ಅರಸನಿಗೆ, ಒಂದು ಸೂರ್ಯನಿಗೆ. ಸೂರ್ಯ ಹೊಲ ಉಳುವನೇ? ಸೂರ್ಯನ ಹೊಲವನ್ನೂ ಅರಸನ ಹೊಲವನ್ನೂ ಐಲ್ಯುವಿನವರೇ ಉಳಬೇಕು. ಸೂರ್ಯನ ಫಸಲು ಪೂಜಾರಿಗಳಿಗೆ, ಗುಡಿಗಳಿಗೆ. ಅರಸನೋ, ಸೂರ್ಯನ ಮಗ! ಇದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ.

ಇದಲ್ಲದೆ ಮಿತಾ ಎಂಬ ಸರದಿಯ ದುಡಿಮೆ. ರಸ್ತೆಗೆ, ಸೇತುವೆಗೆ, ಕೋಟೆಗೆ, ದಂಡಿಗೆ ಮನೆಮನೆಯಿಂದ ಆಳು. ಹತ್ತು ಮನೆ, ನೂರು ಮನೆ, ಸಾವಿರ ಮನೆ ಎಂದು ಜನರನ್ನು ಎಣಿಸಿ, ಒಂದೊಂದು ಎಣಿಕೆಗೆ ಒಬ್ಬೊಬ್ಬ ಮುಖಂಡ. ಲೆಕ್ಕವೆಲ್ಲ ಕಿಪು ಎಂಬ ದಾರದ ಗಂಟುಗಳಲ್ಲಿ. ದುಡಿದವನಿಗೆ ಅರಸನ ಕಣಜದಿಂದ ಊಟ, ಮೆಕ್ಕೆಜೋಳದ ಹೆಂಡ, ಹಬ್ಬದ ಗದ್ದಲ. ಅಂದರೆ ಇಂಕಾ ಅರಸರು ಮುಯ್ಯಿಯ ಮಾತಿನಲ್ಲೇ ಬಿಟ್ಟಿ ಕೇಳಿದರು. ನೀನು ನನಗೆ ದುಡಿ, ನಾನು ನಿನಗೆ ಉಣಿಸುತ್ತೇನೆ, ನಾವಿಬ್ಬರೂ ಬಂಧುಗಳು ಎಂದರು. ಬೇಡ ಎನ್ನುವ ದಾರಿ ಮಾತ್ರ ಇರಲಿಲ್ಲ. ತಿರುಗಿಬಿದ್ದ ಜನರನ್ನು ಬೇರುಸಮೇತ ಕಿತ್ತು ದೂರದ ಸೀಮೆಯಲ್ಲಿ ನೆಟ್ಟರು.

ಆದರೂ ಒಂದು ಮಾತು ನ್ಯಾಯವಾಗಿ ಹೇಳಬೇಕು. ಇಂಕಾ ಅರಸನಿಗೆ ಉಣಿಸುವ ಹೊಣೆಯಾದರೂ ಇತ್ತು. 1532ರಲ್ಲಿ ಸ್ಪೇನಿನವರು ಬಂದರು, ಅರಸನನ್ನು ಹಿಡಿದರು, ಕೊಂದರು. ಮಿತಾ ಎಂಬ ಹೆಸರನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡರು. 1570ರ ದಶಕದಿಂದ ಅದೇ ಹೆಸರಿನಲ್ಲಿ ಹಳ್ಳಿಹಳ್ಳಿಯ ಗಂಡಸರನ್ನು ಪೊಟೊಸಿಯ ಬೆಳ್ಳಿ ಗಣಿಗಳಿಗೆ ಅಟ್ಟಿದರು. ಹೆಸರು ಹಳೆಯದು, ಎಣಿಕೆ ಹಳೆಯದು, ಊಟ ಮಾತ್ರ ಹೋಯಿತು. ಸಮುದಾಯದ ಹೆಸರಿನಲ್ಲಿ ಕಟ್ಟಿದ ವ್ಯವಸ್ಥೆ ನಾಳೆ ಯಾರ ಕೈಗೆ ಸಿಗುತ್ತದೋ ಅವನು ಅದನ್ನು ತನ್ನ ಗಣಿಗೆ ತಿರುಗಿಸಿಕೊಳ್ಳಬಹುದು. ಎಣಿಸುವವನು ಮೇಲೆ, ಎಣಿಸಿಕೊಳ್ಳುವವನು ಕೆಳಗೆ ಇರುವ ತನಕ ಇದಕ್ಕೆ ತಡೆಯೇ ಇಲ್ಲ.

ಅರಸರು ಹೋದರೂ ಆ ಬೆಟ್ಟಗಳಲ್ಲಿ ಜನರ ಮುಯ್ಯಿ ಸತ್ತಿಲ್ಲ. ಅಪುರಿಮಾಕ್ ನದಿಯ ಮೇಲೆ ಕೆಸ್ವಾಚಾಕಾ ಎಂಬ ಹುಲ್ಲುಹಗ್ಗದ ಸೇತುವೆಯಿದೆ. ಸುತ್ತಲಿನ ಹಳ್ಳಿಗಳವರು ಪ್ರತಿ ಜೂನ್‌ನಲ್ಲಿ ಹುಲ್ಲು ಹೊಸೆದು ಅದನ್ನು ಹೊಸದಾಗಿ ಕಟ್ಟುತ್ತಾರೆ. ಕೊರೊನಾದಿಂದ 2020ರಲ್ಲಿ ಕಟ್ಟಲಾಗಲಿಲ್ಲ. 2021ರ ಮಾರ್ಚಿನಲ್ಲಿ ಸೇತುವೆ ಹರಿದು ಬಿತ್ತು. ಅದೇ ಜೂನ್‌ನಲ್ಲಿ ಮತ್ತೆ ಕಟ್ಟಿದರು. ಕಟ್ಟಿದವರೇ ಅದರ ಮೇಲೆ ನಡೆಯುತ್ತಾರೆ.

ನಮ್ಮಲ್ಲೂ ಇಂಥದೊಂದು ನಡೆದಿದೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ತಂಡದವರು ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಮಾಡಿದರು. ಮೊದಲು ಅಡುಗೆಗೆಂದು ಗ್ಯಾಸ್ ಕೊಡಲು ಹೋಗಿ ಸೋತರು. ಅಷ್ಟು ಸೆಗಣಿಯೇ ಊರಲ್ಲಿರಲಿಲ್ಲ. ಜನಕ್ಕೆ ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಗ್ಯಾಸಿನಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಳಕ್ಕೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸೆಗಣಿ ತಂದವರಿಗೆ ತೂಕದ ಮೇಲೆ ಕಾಸು, ಕೊಟ್ಟಷ್ಟಕ್ಕೆ ತಕ್ಕ ಗೊಬ್ಬರ ವಾಪಸು. ಊರವರು ತಮ್ಮ ಪಾಲನ್ನು ಕೊಡದಿದ್ದರೆ ಘಟಕ ನಿಲ್ಲುತ್ತದೆ, ತಮ್ಮ ಮನೆಯ ನೀರೇ ನಿಲ್ಲುತ್ತದೆ. ಕೂಡಿದ ಸ್ವತ್ತು ಹಾಳಾಗಿಯೇ ಹೋಗುತ್ತದೆ ಎನ್ನುವ ಪಂಡಿತರಿಗೆ ರೆಡ್ಡಿಯವರು ಇದನ್ನೇ ಉತ್ತರವಾಗಿ ತೋರಿಸಿದರು. ನಮಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ತಕ್ಕಡಿ. ಹೊತ್ತ ಬುಟ್ಟಿಗೆ ಅಲ್ಲಿಯೇ, ಕಣ್ಣೆದುರೇ ಲೆಕ್ಕ.

ಅದೇ ಜಿಲ್ಲೆಯ ಪಾವಗಡದಲ್ಲಿ ಈಗ ಬೇರೆಯದೇ ಸೂರ್ಯನ ಹೊಲವಿದೆ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2019ರ ಹೊತ್ತಿಗೆ ಪೂರ್ಣವಾಯಿತು. ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬರದ ನಾಡಿನ ರೈತನಿಗೆ ಅದು ಸಣ್ಣದಲ್ಲ, ನಾವು ಹಂಗಿಸುವುದಿಲ್ಲ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತವರಿಗೆ, ಕಡಲೆಕಾಯಿ ಬಿಡಿಸಿದವರಿಗೆ, ಬದುಗಳಲ್ಲಿ ಕುರಿ ಮೇಯಿಸಿದವರಿಗೆ ಎಕರೆಯೇ ಇಲ್ಲ. ಎಕರೆ ಇಲ್ಲದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಹೋಯಿತು. ಮುಯ್ಯಿಯ ಅದೇ ಹಳೆಯ ಷರತ್ತು, ಗಾಜಿನ ಹಲಗೆ ಹೊದ್ದು ಬಂದಿದೆ.

ಹಾಗಾದರೆ ವಿದ್ಯುತ್ತು ಯಾರ ಕೈಯಲ್ಲಿರಬೇಕು? 1943ರಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ಅದು ಅಗ್ಗವಾಗಿ, ಹೇರಳವಾಗಿ ಸಿಗಬೇಕೆಂದರು, ಸರಕಾರದ ಒಡೆತನದ ಕಡೆಗೇ ವಾಲಿದರು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹಾಡಿಹೊಗಳುವವರ ಮಾತನ್ನು ಅವರು ಕಟುವಾಗಿಯೇ ತಳ್ಳಿಹಾಕಿದರು. ಹಳ್ಳಿ ಎಂಬುದು ಅವರಿಗೆ ಸಮುದಾಯವಾಗಿ ಕಾಣಲಿಲ್ಲ. ಊರು ಮತ್ತು ಕೇರಿಯಾಗಿ ಕಂಡಿತು. ನಮಗೂ ಹಾಗೆಯೇ ಕಾಣುತ್ತದೆ. ಆದರೆ ದೂರದ ಸರಕಾರದ ದೀಪ ಎಲ್ಲಿಯ ತನಕ ಬಂತು ಎಂಬುದನ್ನೂ ನಾವು ಕಂಡಿದ್ದೇವೆ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣಸೌಧ ಎದ್ದಿತು, ಅಧಿವೇಶನ ಬಂದಾಗ ಝಗಝಗಿಸುತ್ತದೆ. ಅದೇ ಜಿಲ್ಲೆಯ ಭೀಮಗಡದ ಕಾಡಿನ ಊರುಗಳಲ್ಲಿ ಮಳೆಗಾಲದಾಗ ಕಾಯಿಲೆ ಬಿದ್ದವರನ್ನು ಬಿದಿರಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ತಂದಿದ್ದಾರೆ. ಅಲ್ಲಿ ಮುಯ್ಯಿ ಇದೆ, ಸರಕಾರವಿಲ್ಲ. ಆದ್ದರಿಂದ ಊರನ್ನು ನಂಬಿ ಎಂದೂ, ಸರಕಾರವನ್ನು ನಂಬಿ ಎಂದೂ ಕೇರಿಯವರಿಗೆ ಹೇಳುವ ಧೈರ್ಯ ನಮಗಿಲ್ಲ. ಗಂಟು ಹಾಕುವ ದಾರ ಯಾರ ಕೈಯಲ್ಲಿದೆ, ಬೇಡ ಎಂದವನಿಗೆ ಏನಾಗುತ್ತದೆ. ಇವೆರಡನ್ನು ಮೊದಲು ಕೇಳಿರಿ ಎಂದಷ್ಟೇ ಹೇಳಬಲ್ಲೆವು.

ಎರಡನೆಯ ಸಭೆಗೂ ನಾವು ಹೋದೆವು. ಹುಡುಗರು ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದರು. ಖೋಲಿ ಗುಡಿಯಲ್ಲಿ ಬೇಡ, ಸಾಲಿಯ ಬಯಲಿನಲ್ಲಿರಲಿ. ಎರಡು ಕೀಲಿ, ಒಂದು ಕೇರಿಯ ಹೆಣ್ಣುಮಕ್ಕಳ ಸಂಘದಲ್ಲಿ. ಹೊಲ ಇಲ್ಲದವರ ದುಡಿಮೆಗೆ ಆವತ್ತೇ ಕೂಲಿ. ಊರ ಹಿರಿಯರು ಗುಡಿಯ ಮಾತು ಬಂದಾಗ ಸಿಟ್ಟಾದರು, ಇಬ್ಬರು ಎದ್ದು ಹೋದರು. ಠರಾವು ಆಗಲಿಲ್ಲ. ಸಭೆ ಮುಂದಕ್ಕೆ ಹೋಯಿತು. ಹೊರಡುವಾಗ ಕೇರಿಯ ಆಯಿಯೊಬ್ಬಳು ಸಾಹೇಬರನ್ನು ತಡೆದು ಕೇಳಿದಳು: 'ಯಪ್ಪಾ, ಕುಣಿ ತೋಡಾಕ ನಾವು ಇವತ್ತ ಬರ್ತೀವಿ. ಕೀಲಿ ಎಲ್ಲಿ ಇಡ್ತೀರಿ ಅದನ್ನ ಹೇಳ್ರಿ.'