ಮೈಗೆ ಕೇಳಿಸುವ ಮಾತು

“ಸಮಾಧಾನ ಮಾಡ್ಕೋ” ಅಂದಾಕ್ಷಣ ಯಾರಿಗೂ ಸಮಾಧಾನ ಆದದ್ದಿಲ್ಲ. ಬಿಗಿದ ಹೆಗಲಿಗೆ ಬುದ್ಧಿಮಾತು ಕೇಳಿಸದು. ಅದಕ್ಕೆ ಕೇಳಿಸುವುದು ಉಸಿರು, ನಡಿಗೆ, ನಿದ್ದೆ.

*

ಮಾಂಟ್ರಿಯಲ್‌ನ ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಗೆ ಇಲಿಗಳ ಮೇಲಿನ ಪ್ರಯೋಗದ ಬಗ್ಗೆ ಪುಟ್ಟದೊಂದು ಪತ್ರ ಬರೆದರು. ಚಳಿ, ಗಾಯ, ಅತಿ ದಣಿವು, ವಿಷ ಯಾವುದಾದರೂ ಇಲಿಯ ಮೈ ತೋರಿಸಿದ ಲಕ್ಷಣ ಒಂದೇ ಬಗೆಯದು. ನಮ್ಮದೂ ಹೆಚ್ಚುಕಡಿಮೆ ಅದೇ ಕಥೆ. ಮಗಳ ಫೀಸು, ಮೇಲಧಿಕಾರಿಯ ಮೆಸೇಜು, ಸಿಲ್ಕ್ ಬೋರ್ಡ್ ಸಿಗ್ನಲ್ಲು ಎಲ್ಲವನ್ನೂ ಮೈ ಒಂದೇ ಖಾತೆಗೆ ಬರೆದುಕೊಳ್ಳುತ್ತದೆ. ರಾತ್ರಿ ಊಟಕ್ಕೆ ಕೂತು ಉಪ್ಪು ಹೆಚ್ಚಾಯಿತೆಂದು ಕೂಗಾಡುವವನ ಸಿಟ್ಟು ಸಾರಿನ ಮೇಲಲ್ಲ.

*

ಉಸಿರು ಎಳೆದುಕೊಳ್ಳುವಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನಿಸುತ್ತದೆ. ಹಾಗಾಗಿ ಬಿಡುವುದನ್ನು ಉದ್ದ ಮಾಡಬೇಕು. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಒಂದೈದು ನಿಮಿಷ. ಚಾಪೆ, ಊದುಬತ್ತಿ, ಆ್ಯಪ್ ಯಾವುದೂ ಬೇಡ. ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ಆಗುತ್ತದೆ.

*

ಅವರೆಕಾಯಿ ಕಾಲದಲ್ಲಿ ಬೆಂಗಳೂರು, ಕೋಲಾರ, ಮೈಸೂರು ಕಡೆಯ ಮನೆಗಳಲ್ಲಿ ಹಿತಕಿದ ಬೇಳೆ ಮಾಡುವುದನ್ನು ನೋಡಬೇಕು. ನಡುವೆ ರಾತ್ರಿ ನೆನೆಸಿಟ್ಟ ಕಾಳಿನ ಬೋಗುಣಿ. ಸುತ್ತ ಅತ್ತೆ, ಸೊಸೆ, ಪಕ್ಕದ ಮನೆಯಾಕೆ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹೊರಜಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಕಾಳೆಲ್ಲ ಮುಗಿಯುವಷ್ಟರಲ್ಲಿ ಬೆರಳ ತುದಿ ಸುಕ್ಕುಗಟ್ಟಿರುತ್ತದೆ. ಎಲ್ಲರ ಕಣ್ಣೂ ಕಾಳಿನ ಮೇಲಿರುವುದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಎದುರುಬದುರು ಕೂತು ಆಡಲಾಗದ ಮಾತು ಅಲ್ಲಿ ತಾನಾಗಿ ಬಾಯಿಗೆ ಬರುತ್ತದೆ. ಈಗ ಬೇಳೆ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ. ಟೈಮು ಉಳಿಯಿತು ಅನ್ನುತ್ತೇವೆ. ಉಳಿದದ್ದು ಎಲ್ಲಿ ಹೋಯಿತೋ!

*

ಗಂಡಸರಿಗಿರುವುದು ಟೀ ಅಂಗಡಿಯ ಬೆಂಚು. ಅಲ್ಲಿ ಎಲೆಕ್ಷನ್ನು, ಕ್ರಿಕೆಟ್ಟು, ಸೈಟಿನ ರೇಟು ಎಲ್ಲವೂ ಬರುತ್ತವೆ, “ಯಾಕೋ ನನ್ನ ಕೈಲಿ ಆಗ್ತಿಲ್ಲ ಕಣೋ” ಎಂಬ ಒಂದು ಮಾತು ಬಿಟ್ಟು.

*

ಕುಡಿದ ಕಾಫಿಯ ಕೆಫೀನು ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಆರರ ಫಿಲ್ಟರ್ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಎಚ್ಚರವಾಗಿಯೇ ಇರುತ್ತದೆ. ನಮ್ಮವರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನನಗಿಲ್ಲ. ಮಧ್ಯಾಹ್ನದೊಳಗೆ ಮುಗಿಸಿ ಎಂದಷ್ಟೇ ಹೇಳಬಹುದು. ಗುಂಡು ಹಾಕಿ ಮಲಗುವವರಿಗೆ ನಿದ್ದೆ ಬೇಗ ಬರುತ್ತದೆ ನಿಜ, ನಡುರಾತ್ರಿಗೆ ಎದ್ದೂ ಹೋಗುತ್ತದೆ.

*

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ. ನಿದ್ದೆಗೆಟ್ಟವನಿಗೆ ಮಲಗುವ ಕೋಣೆಯಲ್ಲೂ ಸಂತೆ.

*

ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆಯಂಥ ವ್ಯಾಯಾಮ ಮಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗ್ಗೆ ಲಾಲ್‌ಬಾಗಿನಲ್ಲಿ ಈ ಲೆಕ್ಕ ಪೂರೈಸುವವರಿಗೆ ಕೊರತೆಯಿಲ್ಲ. ಕೆಲವರು ಕಿವಿಗೆ ಫೋನು ಸಿಕ್ಕಿಸಿಕೊಂಡು ನಿನ್ನೆಯ ಆಫೀಸಿನ ಜಗಳವನ್ನು ಕೆರೆ ಏರಿಯ ಮೇಲೂ ಮುಂದುವರಿಸುತ್ತಾರೆ. ಲಾಲ್‌ಬಾಗಿಗೆ ಬಂದಿರುವುದು ಅವರ ಕಾಲು ಮಾತ್ರ.

*

ದಣಿದು ಬಂದ ಹೆಂಡತಿಗೆ “ರೆಸ್ಟ್ ತಗೋ” ಎಂದು ಹೇಳುವುದು ಸುಲಭ. ಹೇಳುವವನು ಎದ್ದು ಹೋಗಿ ಅಕ್ಕಿ ತೊಳೆದು ಕುಕ್ಕರ್ ಇಟ್ಟರೆ ಆಕೆಗೆ ರೆಸ್ಟ್ ಸಿಗುತ್ತದೆ.

*

ಇಬ್ಬರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ, ಶನಿವಾರ ಧ್ಯಾನ ಶಿಬಿರ ಇಡುವ ಕಂಪನಿಗಳಿವೆ. ಅಲ್ಲಿ ಎಷ್ಟು ಉಸಿರು ಬಿಟ್ಟರೂ ಅಷ್ಟೇ. ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ “ಇವತ್ತಿಗೆ ಆಗಲ್ಲ ಸಾರ್, ನಾಳೆ ಕೊಡ್ತೀನಿ” ಎನ್ನುವುದನ್ನೂ ಪ್ರಾಣಾಯಾಮದಂತೆ ದಿನಾ ಸ್ವಲ್ಪ ಅಭ್ಯಾಸ ಮಾಡಬೇಕು.

*

ವಾರಗಟ್ಟಲೆ ನಿದ್ದೆ, ಊಟ ಎರಡೂ ಕೆಟ್ಟರೆ, ಬದುಕೇ ಸಾಕೆನಿಸಿದರೆ, ಮೇಲಿನ ಯಾವ ಉಪಾಯವನ್ನೂ ನಂಬಿ ಕಾಯಬಾರದು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಆಸ್ಪತ್ರೆಗೆ ಹೋದರೆ ಯಾರಾದರೂ ನೋಡಿಯಾರು ಎಂದು ಹಿಂಜರಿಯುವವರೂ ಇದ್ದಾರೆ. ಅಲ್ಲಿ ಸಾಲಿನಲ್ಲಿ ನಿಂತವರಿಗೆ ತಮ್ಮ ಟೋಕನ್ ನಂಬರಿನದೇ ಚಿಂತೆ. ನಿಮ್ಮನ್ನು ನೋಡಲು ಪುರುಸೊತ್ತೆಲ್ಲಿ?