ಸೇಜ್ ಗಿಡದ ಸಾರ ಎಲ್ಲಿದೆ?

ವಸ್ತುವಿನ ಸ್ವರೂಪ ಅದರೊಳಗೆ ಎಲ್ಲೋ ಒಂದು ಕಡೆ ಅಡಗಿದೆ, ಹೊರಗಿನದನ್ನೆಲ್ಲ ಕಳೆದರೆ ಅದು ಕೈಗೆ ಸಿಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಸಸ್ಯವನ್ನು ಭಟ್ಟಿ ಇಳಿಸಿದರೆ ಜಡಭಾಗ ಕೆಳಗುಳಿದು ಚೈತನ್ಯ ಮೇಲೇರುತ್ತದೆ ಎಂದು 16ನೇ ಶತಮಾನದ ಯುರೋಪಿನ ರಸವಾದಿಗಳು ತಿಳಿದಿದ್ದರು. ಧರ್ಮಚಿಂತನೆಯಲ್ಲೂ ಇದೇ ದಾರಿ ಹಿಡಿದು, ಆಚರಣೆ, ಕಥೆ, ಭಾಷೆ ಎಲ್ಲವನ್ನೂ ಬದಿಗಿಟ್ಟು ಒಂದು ಮತದ 'ತಿರುಳು' ಇಷ್ಟೇ ಎಂದು ಹೇಳುವವರಿದ್ದಾರೆ. ಈ ದಾರಿ ನಮ್ಮನ್ನು ಸತ್ಯಕ್ಕೆ ಒಯ್ಯುತ್ತದೆಯೇ? ಏಡ್ರಿಯಾಟಿಕ್ ಕಡಲಂಚಿನ ಡಾಲ್ಮೇಶಿಯದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಸೇಜ್, ಅಂದರೆ ಸಾಲ್ವಿಯಾ ಅಫಿಸಿನಾಲಿಸ್, ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ಗಿಡ. ಇದು ನಮ್ಮ ತುಳಸಿ, ಪುದೀನಗಳ ಕುಟುಂಬಕ್ಕೇ ಸೇರಿದ್ದು.

ಸೇಜ್ ಎಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಮೇಲ್ಮೈಯ ರೋಮಗಳ ನಡುವೆ ಸಣ್ಣ ಗುಳ್ಳೆಗಳಂಥ ಗ್ರಂಥಿಗಳು ಕಾಣುತ್ತವೆ. ಒಳಗಿನ ಕೆಲವೇ ಜೀವಕೋಶಗಳು ಸ್ರವಿಸುವ ಸುಗಂಧ ತೈಲ ಹೊರಪೊರೆಯ ಕೆಳಗೆ ಶೇಖರವಾಗುತ್ತದೆ. ಎಲೆಯ ತೈಲದಲ್ಲಿ ಥುಜೋನ್, ಕರ್ಪೂರ, ಸಿನಿಯೋಲ್ ಮುಖ್ಯ. ಹೂವಿನ ತೈಲದಲ್ಲಿ ಥುಜೋನ್ ಇಳಿದು ಬೀಟಾ-ಪೈನೀನ್ ಏರುತ್ತದೆ. ಕಾಂಡದಲ್ಲಿ ತೈಲವೇ ಕಡಿಮೆ. ಋತು ಬದಲಾದರೆ ಎಲೆಯ ತೈಲವೂ ಬದಲಾಗುತ್ತದೆ. ಡಾಲ್ಮೇಶಿಯನ್ ಸೇಜ್ ತೈಲದ ಅಂತರರಾಷ್ಟ್ರೀಯ ಮಾನದಂಡವಂತೂ ಆಲ್ಫಾ-ಥುಜೋನ್ ಶೇ. 18ರಿಂದ 43ರವರೆಗೆ, ಕರ್ಪೂರ ಶೇ. 4.5ರಿಂದ 24.5ರವರೆಗೆ ಇರಬಹುದೆನ್ನುತ್ತದೆ. ಹಾಗಿದ್ದರೆ ಯಾವ ಸೀಸೆಯಲ್ಲಿರುವುದು ಗಿಡದ ನಿಜವಾದ ಸಾರ? ಎಲೆಯದೆಂದರೆ ಹೂವು ಸುಳ್ಳಾಗುತ್ತದೆ, ಹೂವಿನದೆಂದರೆ ಎಲೆ ಸುಳ್ಳಾಗುತ್ತದೆ.

ಸಾರ ತೈಲದಲ್ಲಿಲ್ಲದಿದ್ದರೇನು, ವಂಶವಾಹಿಯಲ್ಲಿದೆ, ಎಲ್ಲ ಭಾಗಗಳಲ್ಲೂ ಇರುವುದು ಅದೊಂದೇ ತಾನೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಬಲವಾದದ್ದೇ. ಆದರೆ ಅದು ಒಂದೇ ಆಗಿರುವುದರಿಂದಲೇ ಎಲೆ ಮತ್ತು ಹೂವಿನ ವ್ಯತ್ಯಾಸವನ್ನು ಅದೊಂದರಿಂದಲೇ ವಿವರಿಸಲಾಗದು. ಜೆರನೈಲ್ ಡೈಫಾಸ್ಫೇಟ್ ಎಂಬ ಒಂದೇ ಮೂಲವಸ್ತುವಿನಿಂದ ಗ್ರಂಥಿಯ ಒಂದು ಕಿಣ್ವ ಸಿನಿಯೋಲನ್ನು ತಯಾರಿಸುತ್ತದೆ. ಇನ್ನೊಂದು ಕಿಣ್ವ ಕರ್ಪೂರದ ದಾರಿಯನ್ನೂ ಮತ್ತೊಂದು ಥುಜೋನಿನ ದಾರಿಯನ್ನೂ ತೆರೆಯುತ್ತದೆ. ಯಾವ ಕಿಣ್ವ ಎಲ್ಲಿ, ಯಾವಾಗ, ಎಷ್ಟು ಎಂಬುದು ಅಂಗ, ವಯಸ್ಸು, ಬೆಳಕು, ಋತುಗಳನ್ನು ಅವಲಂಬಿಸಿದೆ. ವಂಶವಾಹಿ ಕೊಡುವುದು ಸಾಧ್ಯತೆಯನ್ನು. ಅದನ್ನು ನಿಜವಾಗಿಸುವುದು ಬದುಕಿರುವ ಇಡೀ ಗಿಡ. ಘಟಕಗಳು ಬಹುಪಾಲು ಅವೇ, ಬದಲಾಗುವುದು ಪ್ರಮಾಣ ಮಾತ್ರ ಎಂಬ ಇನ್ನೊಂದು ಆಕ್ಷೇಪವೂ ನಿಲ್ಲುವುದಿಲ್ಲ. ಅಡುಗೆಯಲ್ಲಿ ಅಲ್ಪವಾಗಿ ಬಳಸಿದರೆ ರುಚಿ ಕೊಡುವ ಸೇಜ್‌ನ ಥುಜೋನ್ ಅತಿಯಾದರೆ ನರಮಂಡಲವನ್ನು ಕೆರಳಿಸಿ ಸೆಳವು ತರಬಲ್ಲದು. ಪ್ರಮಾಣ ಬದಲಾದಾಗ ಪರಿಣಾಮವೇ ಬದಲಾಗುತ್ತದೆ.

ಇನ್ನು ಬೌದ್ಧರ ಆಕ್ಷೇಪ. ಬಿಡಿಭಾಗಗಳನ್ನು ಬಿಟ್ಟು ರಥವೆಂಬುದು ಬೇರೆ ಇಲ್ಲವೆಂದು ಮಿಲಿಂದ ರಾಜನಿಗೆ ನಾಗಸೇನ ತೋರಿಸಿದಂತೆ, ಸೇಜ್ ಎಂಬುದೂ ಬರೀ ವ್ಯವಹಾರದ ಹೆಸರಲ್ಲವೇ? ಅಡಗಿದ ತಿರುಳಿಲ್ಲ ಎಂಬಷ್ಟಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಗಿಡ ಬಿಡಿಭಾಗಗಳ ರಾಶಿಯಲ್ಲ. ರಥಕ್ಕೆ ಗಾಲಿಯನ್ನು ಬಡಗಿ ಮಾಡಿ ಜೋಡಿಸುತ್ತಾನೆ. ಗಿಡವಾದರೋ ತನ್ನ ಎಲೆ, ಹೂವುಗಳನ್ನು ತಾನೇ ಬೆಳೆಸಿ, ಒಂದೊಂದಕ್ಕೂ ಒಂದೊಂದು ಗಂಧ ಕೊಡುತ್ತದೆ. ಅವುಗಳ ವ್ಯತ್ಯಾಸದಲ್ಲೂ ಒಂದು ಕ್ರಮವಿದೆ. ಬೇರ್ಪಡಿಸಬಹುದಾದ ಅವಯವಕ್ಕೂ ಅವಯವಿಗೂ ಭೇದಾಭೇದವನ್ನು ಒಪ್ಪುವ ಮಧ್ವ ಸಿದ್ಧಾಂತದ ಮಾತು ಇಲ್ಲಿ ಹೆಚ್ಚು ಹೊಂದುತ್ತದೆ. ಎಲೆಯೇ ಗಿಡವಲ್ಲ, ಗಿಡವನ್ನು ಬಿಟ್ಟು ಎಲೆಯೂ ಇಲ್ಲ.

ಧರ್ಮ ರಸಾಯನವಲ್ಲ, ನಿಜ. ಗಿಡದ ಸಾಕ್ಷ್ಯದಿಂದ ಮತದ ಸತ್ಯಾಸತ್ಯ ತೀರ್ಮಾನವಾಗದು. ಆದರೆ ತಿರುಳನ್ನು ಬೇರ್ಪಡಿಸಿದರೆ ಪೂರ್ಣವನ್ನು ಅರಿತಂತೆ ಎಂಬ ತರ್ಕ ಒಂದು ಗಿಡದ ವಿಷಯದಲ್ಲೇ ಸೋಲುವುದಾದರೆ, ಶತಮಾನಗಳಿಂದ ಬೆಳೆದ ಧರ್ಮಗಳ ವಿಷಯದಲ್ಲಿ ಅದನ್ನು ನಂಬಲು ಕಾರಣವಿಲ್ಲ. ಒಂದು ವಾಕ್ಯವನ್ನು ಹೆಕ್ಕಿ ಇದೇ ಧರ್ಮದ ಸಾರ ಎನ್ನುವವರನ್ನು, ಅವರು ಹೊಗಳುವವರಾಗಲಿ ತೆಗಳುವವರಾಗಲಿ, ಉಳಿದದ್ದೆಲ್ಲ ಏನಾಯಿತೆಂದು ನಾವು ಕೇಳಲೇಬೇಕು.